ಕಡಲಿಲ್ಲದ ಊರಿನಲ್ಲಿ ಪಾಚಿ ಮೇಯುವವರು

ಕೊಯಮತ್ತೂರಿಗೆ ಕಡಲಿಲ್ಲ. ಪಶ್ಚಿಮಕ್ಕೆ ಪಾಲಕ್ಕಾಡಿನ ಕಣಿವೆ ದಾಟಿ ನೂರು ಕಿಲೋಮೀಟರಿಗೂ ಹೆಚ್ಚು ಹೋದರೆ ಅರಬ್ಬಿ ಸಮುದ್ರ ಸಿಗುತ್ತದೆ. ಹವಳ ಬೆಳೆಯುವ ಮನ್ನಾರ್ ಕೊಲ್ಲಿಯ ದಂಡೆ ಇನ್ನೂ ದೂರ. ಮಂಡಪಂಗೆ ರಸ್ತೆಯಲ್ಲಿ 350 ಕಿಲೋಮೀಟರಿಗೂ ಮೇಲೆ. ಊರು ಕೂತಿರುವುದು ಸಮುದ್ರಮಟ್ಟದಿಂದ 400 ಮೀಟರ್ ಎತ್ತರದಲ್ಲಿ. ಪೂರ್ವಕ್ಕೆ ನೊಯ್ಯಲ್ ಹೊಳೆಯ ಜಾಡು ಹಿಡಿದರೆ ತಿರುಪ್ಪೂರು, ಅಲ್ಲಿ ನೀರೆಂದರೆ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ನೀರು. ಇಂಥ ಒಣಸೀಮೆಯಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿಯೊಳಗೆ ಹವಳದ ಬಂಡೆಯೊಂದನ್ನು ಸಾಕಲು ಹೊರಟವರಿಗೆ ಉಪ್ಪು ಪೊಟ್ಟಣದಲ್ಲಿ ಬರಬೇಕು, ನೀರು ಆರ್‌ಒ ಯಂತ್ರದಿಂದ ಇಳಿಯಬೇಕು, ಅಲೆಯನ್ನು ಪಂಪು ಎಬ್ಬಿಸಬೇಕು. ಪಾಚಿ ಮಾತ್ರ ಯಾರೂ ಕರೆಯದೆ ಬರುತ್ತದೆ. ಮೊದಲ ಕೆಲವು ವಾರಗಳಲ್ಲಿ ಮರಳಿನ ಮೇಲೆ ಕಂದು ಪುಡಿ, ಆಮೇಲೆ ಗಾಜಿಗೆ ಹಸಿರು ಪೊರೆ, ಆಮೇಲೆ ಬಂಡೆಯ ಮೇಲೆ ಕೂದಲಿನಂಥ ಎಳೆಗಳು.

ಆಗ ಹವ್ಯಾಸಿಗಳ ನಡುವೆ ಆ ಹಳೆಯ ಚರ್ಚೆ ಏಳುತ್ತದೆ: ತೊಟ್ಟಿ ತೊಳೆಯಲು ಯಾವ ಜೀವಿಯನ್ನು ಬಿಡುವುದು? ಬಸವನಹುಳು, ಸನ್ಯಾಸಿ ಏಡಿ, ಸೀಗಡಿ, ಕಡಲ ಸೌತೆ, ಎಲ್ಲದಕ್ಕೂ ವಕೀಲರಿದ್ದಾರೆ. ಅಂಗಡಿಯವರು ಇವನ್ನೆಲ್ಲ ಸೇರಿಸಿ ‘ಕ್ಲೀನಪ್ ಕ್ರೂ’ ಎಂದು ಒಂದೇ ಹೆಸರಿನಲ್ಲಿ ಮಾರುತ್ತಾರೆ. ಇದು ಹೊಸ ಶೋಕಿಯ ಹೊಸ ತಲೆನೋವೆಂದು ತೋರಿದರೂ ಈ ಆಯ್ಕೆಗೆ 170 ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಆ ಚರಿತ್ರೆಯ ಒಂದು ಕವಲು, ಆಶ್ಚರ್ಯವೆನಿಸಿದರೂ, ಕೊಯಮತ್ತೂರಿನ ಕಲೆಕ್ಟರ್ ಕಚೇರಿಯ ಮೂಲಕವೇ ಹಾದುಹೋಗುತ್ತದೆ.

ಮೊದಲು ಲಂಡನ್ನಿನ ಮಾತು. ಅಲ್ಲಿನ ಅಪಾತೆಕರೀಸ್ ಹಾಲ್ ಎಂಬ ಔಷಧಶಾಲೆಯಲ್ಲಿ ರಾಬರ್ಟ್ ವಾರಿಂಗ್ಟನ್ ರಸಾಯನಶಾಸ್ತ್ರಜ್ಞನಾಗಿದ್ದ. 1849ರಲ್ಲಿ ಆತ ಒಂದು ಗಾಜಿನ ಪಾತ್ರೆಯಲ್ಲಿ ಎರಡು ಹೊನ್ನಮೀನುಗಳನ್ನೂ, ನಮ್ಮ ಕೆರೆಗಳಲ್ಲೂ ಬೆಳೆಯುವ ವಾಲಿಸ್ನೇರಿಯ ಎಂಬ ನೀರಹುಲ್ಲನ್ನೂ ಇಟ್ಟು ನೋಡಿದ. ಗಿಡ ಆಮ್ಲಜನಕ ಬಿಡುತ್ತದೆ, ಮೀನು ಅದನ್ನು ಉಸಿರಾಡುತ್ತದೆ, ನೀರು ಬದಲಿಸುವ ಗೊಡವೆಯಿಲ್ಲ ಎಂಬುದು ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಗಿಡದ ಹಳೆಯ ಎಲೆಗಳು ಕೊಳೆತು ನೀರು ಕದಡಿತು, ಗಾಜಿಗೆ ಹಸಿರು ಲೋಳೆ ಮೆತ್ತಿತು. ವಾರಿಂಗ್ಟನ್ ಐದಾರು ಕೊಳದ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ತಿಂದವು, ಅವು ಇಟ್ಟ ಮೊಟ್ಟೆಗಳನ್ನು ಮೀನು ತಿಂದವು. 1850ರಲ್ಲಿ ಆತ ಪ್ರಕಟಿಸಿದ ಈ ಪ್ರಯೋಗವನ್ನು ಅಕ್ವೇರಿಯಂನ ಹುಟ್ಟು ಎಂದು ಪುಸ್ತಕಗಳು ಬರೆಯುತ್ತವೆ, ಹೊಗಳಿಕೆಯೆಲ್ಲ ಗಿಡ–ಮೀನುಗಳ ಜೋಡಿಗೆ ಸಲ್ಲುತ್ತದೆ. ಪಾತ್ರೆಯನ್ನು ಉಳಿಸಿದ್ದು ಮಾತ್ರ ಆ ಐದಾರು ಹುಳುಗಳು.

ಉಪ್ಪುನೀರಿನ ಕಥೆ ಇದಕ್ಕೂ ತುಸು ಹಿಂದಿನದು. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಟಾರ್ಕೀ ದಂಡೆಯಿಂದ ಜೀವಂತ ಕಲ್ಲುಹವಳವನ್ನು ಲಂಡನ್ನಿಗೆ ತಂದಳು. ನೀರಿಗೆ ಗಾಳಿ ಸೇರಲೆಂದು ಮನೆಗೆಲಸದವಳು ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಸುರಿಯುತ್ತಿದ್ದಳು. ಇಂದಿನ ಪಂಪು ಮಾಡುವ ಕೆಲಸ ಅದೇ. 1852ರ ಹೊತ್ತಿಗೆ ವಾರಿಂಗ್ಟನ್ ಕೂಡ ಕಡಲ ನೀರಿಗೆ ಕೈಹಾಕಿ, ಪಾಚಿಗೆ ಪೆರಿವಿಂಕಲ್ ಎಂಬ ದಂಡೆಯ ಹುಳುವನ್ನು ನೆಚ್ಚಿಕೊಂಡ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಅದರ ಹಿಂದಿದ್ದ ಫಿಲಿಪ್ ಹೆನ್ರಿ ಗಾಸ್ ಮರುವರ್ಷ ‘ದಿ ಅಕ್ವೇರಿಯಂ’ ಪುಸ್ತಕ ಬರೆದು, ಪೆರಿವಿಂಕಲ್ ತನ್ನ ಅರದಂಥ ನಾಲಗೆಯಿಂದ ಗಾಜಿನ ಪಾಚಿಯನ್ನು ಹೇಗೆ ಸಾಲು ಹಿಡಿದು ಕೊಯ್ಯುತ್ತದೆ ಎಂದು ಭೂತಗನ್ನಡಿಯಲ್ಲಿ ನೋಡಿ ವರ್ಣಿಸಿದ. ಅದೇ ವರ್ಷ ಅಡಿಗೆ ಉಪ್ಪು, ಎಪ್ಸಂ ಲವಣ, ಮೆಗ್ನೀಷಿಯಂ ಕ್ಲೋರೈಡು, ಪೊಟ್ಯಾಷಿಯಂ ಕ್ಲೋರೈಡು ಸೇರಿಸಿ ಕೃತಕ ಕಡಲ ನೀರು ಮಾಡುವ ಅಳತೆಯನ್ನೂ ಕೊಟ್ಟ. ಇವತ್ತು ಪೊಟ್ಟಣದಲ್ಲಿ ಬರುವ ಉಪ್ಪಿನ ಮುತ್ತಜ್ಜ ಅದು.

ಗಾಸ್‌ನ ಪುಸ್ತಕ ಓದಿದ ಇಂಗ್ಲೆಂಡಿನ ಮಧ್ಯಮವರ್ಗ ದಂಡೆಗಳಿಗೆ ನುಗ್ಗಿ ಬಂಡೆಕುಳಿಗಳನ್ನು ಬರಿದು ಮಾಡಿತು. ಆತನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ ಆತ್ಮಕಥನದಲ್ಲಿ ಈ ಲೂಟಿಯನ್ನು ನೊಂದು ನೆನೆದಿದ್ದಾನೆ. ತೊಟ್ಟಿ ತೊಳೆಯುವ ಜೀವಿಗಳ ವ್ಯಾಪಾರಕ್ಕೆ ಅಂದು ಅಂಟಿದ ರೋಗ ಇಂದಿಗೂ ವಾಸಿಯಾಗಿಲ್ಲ.

ಇನ್ನು ಕೊಯಮತ್ತೂರು. 1887ರಲ್ಲಿ ಪ್ರಕಟವಾದ ಕೊಯಮತ್ತೂರು ಜಿಲ್ಲೆಯ ‘ಮ್ಯಾನ್ಯುಯಲ್’ ಬರೆದವರು ಐಸಿಎಸ್ ಅಧಿಕಾರಿ ಫ್ರೆಡರಿಕ್ ಆಗಸ್ಟಸ್ ನಿಕಲ್ಸನ್. ಆಗಿನ ಜಿಲ್ಲೆ ವಿಶಾಲವಾಗಿತ್ತು. ಇಂದಿನ ತಿರುಪ್ಪೂರು, ಈರೋಡು ಮಾತ್ರವಲ್ಲ, ಕನ್ನಡದ ಕೊಳ್ಳೇಗಾಲವೂ ಅದರ ತಾಲ್ಲೂಕೇ. ರಾಜ್ಯಗಳು ಪುನರ್ವಿಂಗಡಣೆಯಾದ 1956ರಲ್ಲಿ ಅದು ಮೈಸೂರಿಗೆ ಸೇರಿತು. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಬಾವಿಗಳನ್ನೇ ನಂಬಿ ಬೇಸಾಯ ಮಾಡುವ ಈ ಮಳೆ ಕಡಿಮೆಯ ನಾಡನ್ನು ತಿಳಿದುಕೊಂಡ ನಿಕಲ್ಸನ್ ನಿವೃತ್ತಿಯ ಹೊತ್ತಿಗೆ ಹಿಡಿದದ್ದು ಕಡಲಿನ ದಾರಿ. 1905ರಿಂದ ಮದರಾಸು ಪ್ರಾಂತ್ಯದ ಮೀನುಗಾರಿಕೆಯನ್ನು ಅಭ್ಯಸಿಸಿ, ಜಪಾನಿಗೂ ಹೋಗಿಬಂದು, 1907ರಲ್ಲಿ ಸರ್ಕಾರಿ ಮೀನುಗಾರಿಕಾ ವಿಭಾಗವನ್ನು ಕಟ್ಟಿದರು. ಮದರಾಸು ಮೀನುಗಾರಿಕಾ ಇಲಾಖೆಯ ತಂದೆಯೆಂದು ಅವರನ್ನು ಕರೆಯುವುದುಂಟು.

ಅದೇ ದಶಕದಲ್ಲಿ ಮದರಾಸು ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಮರೀನಾ ದಂಡೆಯಲ್ಲಿ ಒಂದು ಕಡಲ ಮತ್ಸ್ಯಾಗಾರ ಕಟ್ಟಿಸಲು ಓಡಾಡುತ್ತಿದ್ದರು. ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಏಳು ಸಂಪುಟಗಳ ಕರ್ತೃವೆಂದು ಕನ್ನಡ ಓದುಗರಿಗೆ ಪರಿಚಿತವಾದ ಥರ್ಸ್ಟನ್ನೇ ಇವರು. ಸಂಪುಟಗಳು ಹೊರಬಂದದ್ದೂ ಮತ್ಸ್ಯಾಗಾರದ ಬಾಗಿಲು ತೆರೆದದ್ದೂ 1909ರಲ್ಲೇ. ಜನರನ್ನು ಅಳೆದು ಪಟ್ಟಿ ಮಾಡುವುದಕ್ಕೆ ಬಹಳ ಮುಂಚೆ ಅವರು ಮುತ್ತು, ಶಂಖ, ಹವಳದ ಬೆನ್ನುಹತ್ತಿ ರಾಮೇಶ್ವರ, ಪಾಂಬನ್, ತೂತ್ತುಕುಡಿ ಸುತ್ತಿದ್ದರು. ಮನ್ನಾರ್ ಕೊಲ್ಲಿಯ ಕಡಲ ಜೀವಿಗಳ ಬಗ್ಗೆ 1890ರಲ್ಲೇ ಪುಸ್ತಕ ತಂದಿದ್ದರು. ಅವರ ನಂತರ ಮ್ಯೂಸಿಯಂ ನೋಡಿಕೊಂಡ ಜೆ. ಆರ್. ಹೆಂಡರ್ಸನ್ ಏಡಿ–ಸೀಗಡಿಗಳ ಪಂಡಿತ. ಭಾರತದ ಏಡಿವರ್ಗದ ಕುರಿತು 1893ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿ ಪ್ರಕಟಿಸಿದ ಅವರ ದೀರ್ಘ ಪ್ರಬಂಧದಲ್ಲಿ ನಮ್ಮ ದಂಡೆಯ ಸನ್ಯಾಸಿ ಏಡಿಗಳೂ ಇವೆ. ಮರೀನಾದ ಮತ್ಸ್ಯಾಗಾರ 1919ರಲ್ಲಿ, ನಿಕಲ್ಸನ್ ಬೆಳೆಸಿದ ಮೀನುಗಾರಿಕಾ ಇಲಾಖೆಗೆ ಸೇರಿತು. ಎರಡನೇ ಮಹಾಯುದ್ಧದ ಕಾಲಕ್ಕೆ ಮುಚ್ಚಿಹೋಯಿತು.

ಮತ್ಸ್ಯಾಗಾರ ಹೋದರೂ ಒಂದು ದಾಖಲೆ ಉಳಿಯಿತು. ಪಾಂಬನ್ ಬಳಿಯ ಕುರುಸಡೈ ಎಂಬ ಪುಟ್ಟ ದ್ವೀಪದ ದಂಡೆಯ ಜೀವಿಗಳನ್ನು ಗುಂಪುಗುಂಪಾಗಿ ಪಟ್ಟಿ ಮಾಡಿ ಮದರಾಸು ಮ್ಯೂಸಿಯಂ 1927ರಲ್ಲಿ ಬುಲೆಟಿನ್ ಒಂದನ್ನು ಪ್ರಕಟಿಸಿತು. ಆಗ ಮ್ಯೂಸಿಯಂ ಎಫ್. ಎಚ್. ಗ್ರೇವ್ಲಿಯವರ ಕೈಯಲ್ಲಿತ್ತು. ಚಿಪ್ಪಿನ ಹುಳು, ಸನ್ಯಾಸಿ ಏಡಿ, ನಕ್ಷತ್ರ ಮೀನು, ಕಡಲ ಸೌತೆ, ಇಂದು ಹವ್ಯಾಸಿಗಳು ಹುಡುಕುವ ಬಳಗವೆಲ್ಲ ಅದರೊಳಗಿದೆ. ಹೀಗೆ ಈ ಭಾಗದ ಬೆಚ್ಚಗಿನ ನೀರಿನಲ್ಲಿ ಪಾಚಿ ಮೇಯುವವರು ಯಾರು ಎಂಬುದಕ್ಕೆ ಸುಮಾರು ನೂರು ವರ್ಷ ಹಿಂದೆಯೇ ಉತ್ತರ ಅಚ್ಚಾಗಿತ್ತು. ಹವ್ಯಾಸ ಇಲ್ಲಿಗೆ ಬಂದಾಗ ಆ ಪುಸ್ತಕವನ್ನು ಯಾರೂ ತೆರೆಯಲಿಲ್ಲ. ಬೇರೊಂದು ಕಡಲಿನ ಪಟ್ಟಿ ಹಿಡಿದೇ ಅದು ಬಂತು.

ನೀರು ತೊಳೆಯಲು ಪರದೇಶದ ಜೀವಿಯನ್ನು ಕರೆತರುವ ಚಾಳಿಗೆ ಸಿಹಿನೀರಿನಲ್ಲಿ ಇನ್ನೂ ದೊಡ್ಡ ಪೀಠಿಕೆಯಿದೆ. 1910ರ ದಶಕದಲ್ಲಿ ಮದರಾಸು ಮೀನುಗಾರಿಕಾ ಇಲಾಖೆ ಸೊಳ್ಳೆಮರಿ ತಿನ್ನುವ ಮೀನುಗಳತ್ತ ತಿರುಗಿತು, ಇಲಾಖೆಯ ಎಚ್. ಸಿ. ವಿಲ್ಸನ್ ಈ ವಿಷಯದ ಮೇಲೆ ಬರೆದರು. ಅವರಿಗೆ ಬೇಕಾದ ಮೀನು ದಕ್ಷಿಣದ ಗದ್ದೆ, ಕಾಲುವೆಗಳಲ್ಲೇ ಇತ್ತು: ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆ ಹೊತ್ತು, ನೀರಿನ ಮೇಲ್ಪದರದಲ್ಲೇ ತೇಲುವ ಅಪ್ಲೊಕೈಲಸ್. ಸರ್ಕಾರಗಳಿಗೆ ಅಷ್ಟು ಸಾಲಲಿಲ್ಲ. 1910ರಲ್ಲಿ ಗಪ್ಪಿ ಬಂತು, 1928ರಲ್ಲಿ ಇಟಲಿಯಿಂದ ಗಂಬೂಸಿಯ ಬಂತು. ಇಟಲಿಗೂ ಅದು ಅಮೆರಿಕ ಮೂಲದ ಪರದೇಶಿ ಮೀನೇ. ಕೆರೆ, ಬಾವಿ, ಕಾರಂಜಿ ಎನ್ನದೆ ಗಂಬೂಸಿಯವನ್ನು ಬಿಡಲಾಯಿತು. ಸೊಳ್ಳೆಮರಿಯ ಜತೆಗೆ ಅದು ಊರ ಮೀನುಗಳ ಮೊಟ್ಟೆಯನ್ನೂ ಕಪ್ಪೆಯ ಗೊದಮೊಟ್ಟೆಯನ್ನೂ ತಿಂದಿತು, ಉಳಿದ ಮೀನುಗಳ ರೆಕ್ಕೆ ಕಚ್ಚಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಮುಚ್ಚಿದ ಬಾವಿಯಲ್ಲಿ ಮೀನಿನ ಪ್ರಯೋಗ ಫಲ ಕೊಟ್ಟದ್ದೂ ನಿಜ. ಹಾಸನ ಜಿಲ್ಲೆಯ ಹಳ್ಳಿಗಳ ಬಾವಿಗಳಲ್ಲಿ ಗಪ್ಪಿ ಬಿಟ್ಟು ಮಲೇರಿಯ ಸೊಳ್ಳೆಯನ್ನು ತಗ್ಗಿಸಿದ ಕೆಲಸ ಸಂಶೋಧನಾ ಪತ್ರಿಕೆಗಳಲ್ಲಿ ದಾಖಲಾಗಿದೆ. ಬಾವಿಗೆ ಕಟ್ಟೆಯಿದೆ, ಹೊಳೆಗೆ ಇಲ್ಲ.

ಮುಂದಿನ ಅತಿಥಿ ತಿಲಾಪಿಯ. 1952ರಲ್ಲಿ ಆಫ್ರಿಕಾ ಮೂಲದ ಈ ಮೀನು ಭಾರತಕ್ಕೆ ಬಂದಾಗ ಕಳೆ ತಿನ್ನುತ್ತದೆ, ಬೇಗ ಬೆಳೆಯುತ್ತದೆ, ಬಡವರಿಗೆ ಆಹಾರವಾಗುತ್ತದೆ ಎಂಬ ಆಸೆಗಳಿದ್ದವು. ತಮಿಳು ಮಾರುಕಟ್ಟೆಯಲ್ಲಿ ಅದಕ್ಕೆ ‘ಜಿಲೇಬಿ’ ಎಂಬ ಹೆಸರು ಬಿತ್ತು. ಈಗಿನ ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆ ಕಡೆಯ ಅಮರಾವತಿ ಜಲಾಶಯ 1950ರ ದಶಕದ ಕೊನೆಗೆ ತುಂಬಿದ್ದೇ ತಡ, ಅಲ್ಲಿ ಬಲೆಗೆ ಬೀಳುವ ಮೀನಿನಲ್ಲಿ ತಿಲಾಪಿಯದ್ದೇ ಸಿಂಹಪಾಲಾಯಿತು. ಗಂಬೂಸಿಯ, ತಿಲಾಪಿಯ ಎರಡೂ ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈಗ ಕೂತಿವೆ. ಅಷ್ಟಾದರೂ ಬಣ್ಣದ ಮೀನಿನ ಅಂಗಡಿಗಳಲ್ಲಿ ದಕ್ಷಿಣ ಅಮೆರಿಕದ ‘ಸಕ್ಕರ್’ ಮೀನನ್ನು ‘ಟ್ಯಾಂಕ್ ಕ್ಲೀನರ್’ ಎಂದು ಮಾರುವುದು ನಿಂತಿಲ್ಲ. ಅಂಗೈಯಗಲ ಇರುವಾಗ ಗಾಜಿಗೆ ಅಂಟಿಕೊಂಡು ಪಾಚಿ ಕೆರೆಯುವ ಅದು ಒಂದಡಿ ದಾಟಿ ಬೆಳೆದಾಗ ಜನ ಕೊಂಡೊಯ್ದು ಕೆರೆಗೆ ಸುರಿಯುತ್ತಾರೆ. ಕೇರಳದ ಕಾಲುವೆಗಳಿಂದ ಆಂಧ್ರದ ಕೆರೆಗಳವರೆಗೆ ಬೆಸ್ತರ ಬಲೆ ಹರಿಯುತ್ತಿರುವ ಮೀನು ಅದು.

ಉಪ್ಪುನೀರಿನ ಹವ್ಯಾಸ ಮತ್ತೆ ತಲೆಯೆತ್ತಿದ್ದು ಜಕಾರ್ತಾದಲ್ಲಿ. ಲೀ ಚಿನ್ ಎಂಗ್ ಎಂಬ ಹವ್ಯಾಸಿ ಜೀವಂತ ಬಂಡೆ, ಕಡಲ ನೀರು, ಬಿಸಿಲು, ಸ್ವಲ್ಪ ಗಾಳಿಗುಳ್ಳೆ, ಇಷ್ಟರಲ್ಲೇ ಹವಳ ಸಾಕಿ 1961ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದರು. ಬಂಡೆಯ ಜತೆ ಬಂದ ಹುಳುಹುಪ್ಪಟೆಯೇ ಅವರ ತೊಟ್ಟಿಯನ್ನು ತೊಳೆಯುತ್ತಿತ್ತು. ಬರ್ಲಿನ್ನಿನ ಹವ್ಯಾಸಿಗಳು ಇದಕ್ಕೆ ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಸೇರಿಸಿದರು. 1986ರಲ್ಲಿ ಜಾರ್ಜ್ ಸ್ಮಿಟ್ ಬರೆದ ಲೇಖನಗಳು ‘ಮಿನಿ ರೀಫ್’ ಎಂಬ ಹುಚ್ಚನ್ನು ಅಮೆರಿಕಕ್ಕೆ ಹಚ್ಚಿದವು.

ಅಷ್ಟರಲ್ಲಿ ಪಾಚಿ ಮೇಯುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕಡಲೇ ತೋರಿಸಿತ್ತು. 1983ರ ಆರಂಭದಲ್ಲಿ ಪನಾಮಾ ಬಳಿ ಡಯಾಡೆಮ ಎಂಬ ಉದ್ದ ಮುಳ್ಳಿನ ಸೀ ಅರ್ಚಿನ್‌ಗಳು ಸಾಯತೊಡಗಿದವು. ಸುಮಾರು ಒಂದು ವರ್ಷದಲ್ಲಿ ಕೆರಿಬಿಯನ್ ಉದ್ದಗಲಕ್ಕೂ ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತವು. ಜಮೈಕಾದಲ್ಲಿ ಪಾಚಿ ತಿನ್ನುವ ಮೀನುಗಳನ್ನು ಮನುಷ್ಯರು ಮೊದಲೇ ಹಿಡಿದು ಮುಗಿಸಿದ್ದರು. 1970ರ ದಶಕದಲ್ಲಿ ತಳದ ಅರ್ಧದಷ್ಟಕ್ಕೆ ಹಾಸಿದ್ದ ಹವಳ 1990ರ ದಶಕದ ಹೊತ್ತಿಗೆ ನೂರಕ್ಕೆ ಐದಕ್ಕೂ ಕೆಳಗಿಳಿಯಿತು, ಪಾಚಿ ತೊಂಬತ್ತನ್ನು ಮುಟ್ಟಿತು. ರೀಫ್ ತೊಟ್ಟಿಯಲ್ಲಿ ಮೇಯುವ ಜೀವಿ ಅಲಂಕಾರದ ವಸ್ತುವಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಆದರೆ ಅಮೆರಿಕದ ವ್ಯಾಪಾರ ಈ ಪಾಠವನ್ನು ಅಂಗಡಿಯ ಲೆಕ್ಕಕ್ಕೆ ಇಳಿಸಿತು. ಇಷ್ಟು ಗ್ಯಾಲನ್ ನೀರಿಗೆ ಇಷ್ಟು ಹುಳು, ಇಷ್ಟು ಏಡಿ ಎಂದು ಕಟ್ಟು ಕಟ್ಟಿ ಮಾರುವ ಪದ್ಧತಿ ಹುಟ್ಟಿತು. ಆ ಕಟ್ಟಿನಲ್ಲಿದ್ದದ್ದು ಬಹುತೇಕ ಫ್ಲಾರಿಡಾ, ಕೆರಿಬಿಯನ್, ಮೆಕ್ಸಿಕೋ ದಂಡೆಗಳಲ್ಲಿ ಅಗ್ಗವಾಗಿ ಸಿಗುತ್ತಿದ್ದ ಆಸ್ಟ್ರಿಯ ಹುಳು, ನೀಲಿ ಕಾಲಿನ ಸನ್ಯಾಸಿ ಏಡಿ, ಪಚ್ಚೆ ಏಡಿ, ಪೆಪ್ಪರ್‌ಮಿಂಟ್ ಸೀಗಡಿ. ಫ್ಲಾರಿಡಾದ ಈ ಸಂಗ್ರಹ ಕುಸಿತದ ಅಂಚಿಗೆ ಬಂದಿದೆ ಎಂದು 2009ರಲ್ಲೇ ವಿಜ್ಞಾನಿಗಳು ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಎಚ್ಚರಿಸಿದರು. ಅಷ್ಟು ಹೊತ್ತಿಗೆ ಆ ಪಟ್ಟಿ ಲೋಕವೆಲ್ಲ ಸುತ್ತಿ ಕೊಯಮತ್ತೂರು ಸೀಮೆಯಾದ ಕೊಂಗುನಾಡಿನ ಹವ್ಯಾಸಿಗೂ ಬಾಯಿಪಾಠವಾಗಿತ್ತು.

ಕೊಯಮತ್ತೂರು–ತಿರುಪ್ಪೂರಿನ ತೊಟ್ಟಿಗೆ ಆ ಪಟ್ಟಿ ಹೊಂದುವುದಿಲ್ಲ. ಮೊದಲ ಕಾರಣ ನೀರು. ಕೊಯಮತ್ತೂರಿನ ಸಿರುವಾಣಿ ನೀರು ಜಗತ್ತಿನ ಎರಡನೇ ಸಿಹಿನೀರು ಎಂಬುದು ಊರಿನವರ ಹೆಮ್ಮೆಯ ಮಾತು. ನಲ್ಲಿಗೆ ಬರುವಾಗ ಅದರಲ್ಲಿ ಕ್ಲೋರಿನ್ ಇರುತ್ತದೆ, ಬಡಾವಣೆಗಳಲ್ಲಿ ಬೋರ್‌ವೆಲ್ ನೀರೂ ಬೆರೆಯುತ್ತದೆ. ತಿರುಪ್ಪೂರಿನ ಕಥೆ ಇನ್ನೊಂದು ಬಗೆ. ಹತ್ತಿ ಬಟ್ಟೆಗೆ ಬಣ್ಣ ಹಿಡಿಯಲು ರಾಶಿ ಉಪ್ಪು ಬೇಕು. ದಶಕಗಳ ಕಾಲ ಆ ಉಪ್ಪು ನೊಯ್ಯಲ್‌ಗೆ ಹರಿದು, ನೀರಾವರಿಗೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ಕೊಳೆ ನಿಲ್ಲುವ ಕೊಳವಾಯಿತು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿ, ಒಂದು ಹನಿ ಕೊಳಚೆಯನ್ನೂ ಹೊರಬಿಡದ ವ್ಯವಸ್ಥೆಯಾಗುವವರೆಗೆ ತೆರೆಯುವಂತಿಲ್ಲ ಎಂದಿತು. ಅಂದಿನಿಂದ ಆರ್‌ಒ ಪೊರೆಗಳ ಭಾಷೆ ತಿರುಪ್ಪೂರಿಗೆ ಮನೆಮಾತು. ಸಾವಿರಾರು ಲೀಟರ್ ನೀರಿನಿಂದ ಉಪ್ಪು ಹಿಂಡಿ ತೆಗೆಯುವ ಊರಿನಲ್ಲಿ ರೀಫ್ ಹವ್ಯಾಸಿಯೊಬ್ಬ ಮೊದಲು ಉಪ್ಪೆಲ್ಲ ತೆಗೆದು, ಆಮೇಲೆ ಲೀಟರಿಗೆ 35 ಗ್ರಾಂನಂತೆ, 100 ಲೀಟರ್ ತೊಟ್ಟಿಗೆ ಮೂರೂವರೆ ಕಿಲೋ ಉಪ್ಪು ಬೆರೆಸುತ್ತಾನೆ. ಪೂರ್ತಿ ಶುದ್ಧವಾಗದ ನೀರಿನಲ್ಲಿ ಉಳಿಯುವ ನೈಟ್ರೇಟು, ಫಾಸ್ಫೇಟು ಪಾಚಿಗೆ ಗೊಬ್ಬರ. ತಾಮ್ರದ ಅಂಶ ಸೇರಿದರಂತೂ ಮೀನು ತಾಳಿಕೊಂಡರೂ ಹುಳು, ಏಡಿ, ಸೀಗಡಿ ತಾಳವು. ಮೀನಿನ ಚರ್ಮರೋಗಕ್ಕೆ ಹಾಕುವ ತಾಮ್ರದ ಔಷಧಿ ತೊಟ್ಟಿಯ ಇಡೀ ಬಳಗವನ್ನು ಒಂದೇ ದಿನದಲ್ಲಿ ಮುಗಿಸಬಲ್ಲದು.

ಎರಡನೇ ಕಾರಣ ಬಿಸಿ. ಹವಳಕ್ಕೆ ಹಿತವಾದದ್ದು 25ರಿಂದ 27 ಡಿಗ್ರಿ. ಕೊಂಗುನಾಡಿನ ಏಪ್ರಿಲ್‌ನಲ್ಲಿ ಹೊರಗೆ 37 ಡಿಗ್ರಿ ಇರುವಾಗ ಸಣ್ಣ ತೊಟ್ಟಿ ನೀರು ತಣಿಸುವ ಚಿಲ್ಲರ್ ಇಲ್ಲದೆ 30 ದಾಟುತ್ತದೆ. ಪಟ್ಟಿಯಲ್ಲಿ ಬರುವ ಮಾರ್ಗರಿಟಾ ಹುಳು ತಣ್ಣೀರಿನದು. ಮೆಕ್ಸಿಕೋದ ದೊಡ್ಡ ಟರ್ಬೊ ಹುಳು ಬರುವ ಕಡಲೂ ವರ್ಷವಿಡೀ ಇಷ್ಟು ಬೆಚ್ಚಗಿರುವುದಿಲ್ಲ. ಅವು ಕೆಲವು ವಾರ ಮೇಯ್ದು ಬಂಡೆಯ ಹಿಂದೆಲ್ಲೋ ಸಾಯುತ್ತವೆ, ಕೊಳೆತು ಅಮೋನಿಯ ಬಿಡುತ್ತವೆ. ಸಣ್ಣ ತೊಟ್ಟಿಯಲ್ಲಿ ಎರಡು ದೊಡ್ಡ ಹುಳು ಸತ್ತರೂ ಸಾಕು, ಮಿಕ್ಕವೂ ಹಿಂದೆಯೇ ಹೋಗುತ್ತವೆ. ಇದಕ್ಕೆ ವಿದ್ಯುತ್ ಕೈಕೊಡುವುದೂ ಸೇರಬೇಕು. 2012ರಲ್ಲಿ ತಮಿಳುನಾಡಿನ ಕರೆಂಟು ಕಡಿತ ಕೊಯಮತ್ತೂರಿನ ಮಿಲ್ಲು, ಫೌಂಡ್ರಿಗಳನ್ನು ದಿನಕ್ಕೆ ಹತ್ತು ಗಂಟೆಗೂ ಹೆಚ್ಚು ಹೊತ್ತು ಕೂರಿಸಿತ್ತು. ದೇಶಕ್ಕೆಲ್ಲ ಪಂಪು ಮಾಡಿಕೊಡುವ ಊರಿನಲ್ಲಿ ಅಂಗೈಯಷ್ಟು ಪಂಪು ತಿರುಗಿಸಲು ಕರೆಂಟಿಲ್ಲದ ಹೊತ್ತು ಅದು.

ಹಾಗಾದರೆ ಯಾರು ಸೈ? ಅನುಭವಿಗಳ ಒಲವು ಟ್ರೋಕಸ್ ಜಾತಿಯ ಹುಳುಗಳ ಕಡೆಗೆ, ಅದಕ್ಕೆ ಕಾರಣವೂ ಇದೆ. ಆಸ್ಟ್ರಿಯ ಹುಳು ಮರಳಿನ ಮೇಲೆ ಬೆನ್ನಡಿಯಾಗಿ ಬಿದ್ದರೆ ಮತ್ತೆ ಏಳಲಾರದು, ಏಡಿಯ ಬಾಯಿಗೆ ಬೀಳುತ್ತದೆ. ಟ್ರೋಕಸ್ ತಾನೇ ಮಗುಚಿಕೊಂಡು ಏಳುತ್ತದೆ. ಮನ್ನಾರ್ ಕೊಲ್ಲಿಯ ಬಂಡೆಗಳಲ್ಲಿ ಟ್ರೋಕಸ್ ರೇಡಿಯಾಟಸ್ ಎಂಬ ಕೆಂಪು ಪಟ್ಟೆಯ ಚಿಕ್ಕ ಜಾತಿ ಧಾರಾಳವಾಗಿದೆ, ಬೆಚ್ಚಗಿನ ನೀರಿನಲ್ಲೇ ಹುಟ್ಟಿ ಬೆಳೆದದ್ದು. ಗೋಪುರದಂಥ ಚಿಪ್ಪಿನ ಸೆರಿತ್ ಹುಳು ರಾತ್ರಿ ಗಾಜಿಗೂ ಹಗಲು ಮರಳಿಗೂ ಆಗುತ್ತದೆ, ಸಂದುಗೊಂದುಗಳಿಗೂ ನುಗ್ಗುತ್ತದೆ. ಸಣ್ಣ ತೊಟ್ಟಿಗೆ ಇದಕ್ಕಿಂತ ಒಳ್ಳೆಯದು ಅಪರೂಪ. ನಸ್ಸೇರಿಯಸ್ ಪಾಚಿಯನ್ನು ಮೂಸುವುದೂ ಇಲ್ಲ. ಮರಳಿನಲ್ಲಿ ಹೂತು, ಸೊಂಡಿಲಿನಂಥ ನಳಿಗೆಯಷ್ಟೇ ಹೊರಗಿಟ್ಟು, ಮೀನಿಗೆ ಹಾಕಿದ ಆಹಾರದ ವಾಸನೆ ಹತ್ತಿದೊಡನೆ ಎದ್ದು ಬಂದು ಎಂಜಲು ತಿನ್ನುತ್ತದೆ. ಎರಡು ಮೂರಕ್ಕಿಂತ ಹೆಚ್ಚು ಬೇಕಿಲ್ಲ. ನೆರೈಟ್ ಚೆನ್ನಾಗಿ ಮೇಯುತ್ತದೆ, ಆದರೆ ಅಲೆಯೇರಿಳಿತದ ದಂಡೆಯಲ್ಲಿ ಬೆಳೆದದ್ದಾದ್ದರಿಂದ ನೀರು ಬಿಟ್ಟು ಮೇಲೆ ಹತ್ತಿ ಮುಚ್ಚಳವಿಲ್ಲದ ತೊಟ್ಟಿಯಿಂದ ನೆಲಕ್ಕೆ ಬೀಳುತ್ತದೆ. ಗಾಸ್ ಕಾಲದ ಪೆರಿವಿಂಕಲ್‌ಗೂ ಇದೇ ಚಾಳಿಯಿತ್ತು.

ಸನ್ಯಾಸಿ ಏಡಿಯ ವಿಷಯದಲ್ಲಿ ಹವ್ಯಾಸಿಗಳು ಎರಡು ಪಂಗಡ. ಎಳೆಪಾಚಿಯನ್ನೂ ಎಂಜಲನ್ನೂ ಅದು ಚುರುಕಾಗಿ ತಿನ್ನುತ್ತದೆ, ನೋಡಲೂ ಚೆಂದ. ಹೆಸರಿಗೆ ಮಾತ್ರ ಸನ್ಯಾಸಿ. ಬೆಳೆದಂತೆ ಹೊಸ ಚಿಪ್ಪು ಬೇಕಾದಾಗ ಬದುಕಿರುವ ಹುಳುವನ್ನು ಕೊಂದು ಅದರ ಮನೆಗೆ ನುಗ್ಗುತ್ತದೆ. ಬೇರೆ ಬೇರೆ ಅಳತೆಯ ಖಾಲಿ ಚಿಪ್ಪುಗಳನ್ನು ತೊಟ್ಟಿಯಲ್ಲಿಟ್ಟರೆ ಕೊಲೆ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ನೂರು ಲೀಟರಿನ ಒಳಗಿನ ತೊಟ್ಟಿಯಲ್ಲಿ ಹುಳುಗಳು ಉಳಿಯಬೇಕೆಂದರೆ ಏಡಿ ಬೇಡವೆನ್ನುವ ಪಂಗಡದ್ದೇ ಸರಿಯೆನಿಸುತ್ತದೆ. ಮರಳು ಜರಡಿ ಹಿಡಿಯುವ ನಕ್ಷತ್ರ ಮೀನಂತೂ ಸಣ್ಣ ತೊಟ್ಟಿಗೆ ಸಲ್ಲದು. ಮರಳಿನಲ್ಲಿರುವ ಸೂಕ್ಷ್ಮ ಜೀವಿಗಳನ್ನೆಲ್ಲ ತಿಂದು ಮುಗಿಸಿ ಅದು ಹಸಿವಿನಿಂದ ಸಾಯುತ್ತದೆ.

ಹಸಿವು ಇಲ್ಲಿ ಬಹಳ ಜನ ಮರೆಯುವ ಸಂಗತಿ. ಗ್ಯಾಲನ್ ಲೆಕ್ಕದ ಕಟ್ಟು ಕೊಂಡು ಒಮ್ಮೆಗೇ ಇಪ್ಪತ್ತು ಹುಳು ಸುರಿದರೆ ಹತ್ತು ದಿನದಲ್ಲಿ ಗಾಜು ಫಳಫಳ. ಆಮೇಲೆ ತಿನ್ನಲು ಏನೂ ಇಲ್ಲದೆ ಒಂದೊಂದಾಗಿ ಸಾವು, ಸತ್ತದ್ದರ ಕೊಳೆಯಿಂದ ಮತ್ತೆ ಪಾಚಿ. ಮೇಯುವ ಜೀವಿ ಪಾಚಿಯನ್ನು ಹಿಕ್ಕೆಯಾಗಿ ಮಾರ್ಪಡಿಸುತ್ತದೆಯೇ ಹೊರತು ತೊಟ್ಟಿಯಿಂದಾಚೆ ಸಾಗಿಸುವುದಿಲ್ಲ. ಆ ಕೆಲಸ ಸ್ಕಿಮ್ಮರ್‌ದು, ನೀರು ಬದಲಿಸುವ ಕೈಯದು. ವಾರಿಂಗ್ಟನ್ ಐದಾರು ಹುಳುಗಳಲ್ಲಿ ಮುಗಿಸಿದ್ದ.

ಕಡಲ ಸೌತೆಯನ್ನು ಪಟ್ಟಿಯಿಂದ ಹೊಡೆದುಹಾಕಲು ಜೀವಶಾಸ್ತ್ರವೇ ಸಾಕು: ಪಂಪಿಗೆ ಸಿಕ್ಕಿ ಗಾಯಗೊಂಡರೆ ಅದು ಬಿಡುವ ಹೊಲೊಥುರಿನ್ ವಿಷಕ್ಕೆ ಮೀನುಗಳು ಸಾಯುತ್ತವೆ. ಭಾರತದಲ್ಲಿ ಇದಕ್ಕೆ ಕಾನೂನೂ ಇದೆ. 2001ರಲ್ಲಿ ಕೇಂದ್ರ ಸರ್ಕಾರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಎಲ್ಲ ಕಡಲ ಸೌತೆಗಳನ್ನೂ, ಕಲ್ಲುಹವಳಗಳನ್ನೂ, ಕಡಲ ಬೀಸಣಿಗೆಗಳನ್ನೂ, ಆಯ್ದ ಚಿಪ್ಪಿನ ಜೀವಿಗಳನ್ನೂ ಸೇರಿಸಿತು. ಗುಂಡಿ, ಅಲಂಕಾರಕ್ಕೆಂದು ಹಿಡಿಯುತ್ತಿದ್ದ ಟ್ರೋಕಸ್ ನೈಲೋಟಿಕಸ್, ಟರ್ಬೊ ಮಾರ್ಮೊರೇಟಸ್ ಎಂಬ ದೊಡ್ಡ ಜಾತಿಗಳು ಅದರಲ್ಲಿವೆ. ಅಂಗಡಿಯಲ್ಲಿ ‘ಟ್ರೋಕಸ್’, ‘ಟರ್ಬೊ’ ಎಂದಷ್ಟೇ ಕೇಳಿ ಕೊಳ್ಳುವವರು ಯಾವ ಜಾತಿ ಎಂದು ಕೇಳಲೇಬೇಕಾದದ್ದು ಇದಕ್ಕೇ. ಮನ್ನಾರ್ ಕೊಲ್ಲಿಯ 21 ದ್ವೀಪಗಳು 1986ರಿಂದ ಕಡಲ ರಾಷ್ಟ್ರೀಯ ಉದ್ಯಾನ, ಕುರುಸಡೈ ಕೂಡ ಅವುಗಳಲ್ಲೊಂದು. ಸುಣ್ಣಕ್ಕೆಂದು ಹವಳ ಅಗೆದು ಅಗೆದು ಅಲ್ಲಿನ ಎರಡು ದ್ವೀಪಗಳು ನೀರಿನೊಳಗೆ ಇಳಿದುಹೋಗಿವೆ. ಆದ್ದರಿಂದ 1927ರ ಬುಲೆಟಿನ್ ಹಿಡಿದು ಪಾಂಬನ್‌ಗೆ ಹೋಗಿ ಚೀಲ ತುಂಬಿಕೊಂಡು ಬರುವ ಹಾದಿ ಮುಚ್ಚಿದೆ. ಜೀವಂತ ಬಂಡೆಯ ಬದಲು ಸುಟ್ಟ ಮಣ್ಣಿನ, ಸಿಮೆಂಟಿನ ಬಂಡೆ ಬಳಸುವುದು ಇಲ್ಲಿ ಬೇರೂರಿರುವುದಕ್ಕೂ ಇದೇ ಹಿನ್ನೆಲೆ. ಅಂಥ ಒಣ ಬಂಡೆಯ ಜತೆ ಲೀ ಚಿನ್ ಎಂಗ್‌ಗೆ ಪುಕ್ಕಟೆ ಸಿಕ್ಕಿದ ಹುಳುಹುಪ್ಪಟೆ ಬರುವುದಿಲ್ಲ, ತೊಳೆಯುವವರನ್ನು ಹೊರಗಿನಿಂದಲೇ ತರಬೇಕು.

ಸಾಕಿ ಬೆಳೆಸಿದ್ದನ್ನು ಕೊಳ್ಳುವುದು ಉಳಿದ ದಾರಿ. 1947ರಲ್ಲಿ ಹುಟ್ಟಿ, ಮಂಡಪಂನಲ್ಲಿದ್ದ ಕೇಂದ್ರ ಕಚೇರಿಯನ್ನು 1971ರಲ್ಲಿ ಕೊಚ್ಚಿಗೆ ಬದಲಿಸಿದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿ ಬೆಳೆಗಾರರಿಗೆ ಕಲಿಸಿದೆ. ತೊಳೆಯುವ ಬಳಗದ ಮಟ್ಟಿಗೆ ಇನ್ನೂ ಹತ್ತಿರದ ಕೆಲಸ ನಡೆದಿರುವುದು ಲಕ್ಷದ್ವೀಪದ ಅಗತ್ತಿಯಲ್ಲಿ. ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೊ ಅಲ್ಲಿ ಥಾರ್, ಆನ್ಸಿಲೊಕ್ಯಾರಿಸ್ ಎಂಬ ಎರಡು ದೇಶಿ ಸೀಗಡಿಗಳನ್ನು ಸಾಕುವ ಕೇಂದ್ರ ನಡೆಸಿ, ದ್ವೀಪದ ಹೆಂಗಸರಿಗೆ ಮನೆಯ ಬಳಿಯೇ ಅವನ್ನು ಬೆಳೆಸಿ ಮಾರಲು ತರಬೇತಿ ಕೊಟ್ಟಿದೆ. ಹೆಬ್ಬೆರಳಿನ ಉಗುರಿನಷ್ಟೇ ಇರುವ ಥಾರ್ ಬಾಲವನ್ನು ನೆಟ್ಟಗೆ ಮೇಲೆತ್ತಿ ಕುಣಿಸುತ್ತ ಕಡಲ ಹೂಗಳ ಸುತ್ತ ಎಂಜಲು ಹೆಕ್ಕುತ್ತದೆ. ಅದು ಹುಟ್ಟಿ ಬೆಳೆಯುವ ನೀರು 28–29 ಡಿಗ್ರಿಯದು. ಕೊಯಮತ್ತೂರಿನ ಏಪ್ರಿಲ್‌ಗೆ ಬೇಕಾದದ್ದೂ ಅಂಥ ಮೈಯೇ.